ಹಾರುವ ಬಿಲ್ಲೆಗೆ ಅಜ್ಜನ ಜೋಡಿ ಕೋವಿ ಆಗುತ್ತಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು):

ಅಣ್ಣಾ, ನಮಸ್ಕಾರ. ನಮ್ಮ ಭಾವನ ಜೊತೆ ಹೊರಗಿನ ಒಂದು ಶೂಟಿಂಗ್ ರೇಂಜಿಗೆ ಹೋಗಿದ್ದೆ, ಹಾರುವ ಕ್ಲೇ ಬಿಲ್ಲೆಗೆ ಹೊಡೆಯೋದನ್ನ ನೋಡೋಕೆ. ಹತ್ತು ಜನ ಇದ್ದರೆ ಹತ್ತು ನಮೂನೆ ಕೋವಿ ಮಾರಾಯ್ರೆ. ಒಬ್ಬರದ್ದು ನಳಿಗೆ ಒಂದರ ಮೇಲೊಂದು, ಒಬ್ಬರದ್ದು ನಮ್ಮನೆ ಕೋವಿ ಥರ ಪಕ್ಕಪಕ್ಕ, ಮತ್ತೊಬ್ಬರದ್ದು ಒಂದೇ ನಳಿಗೆ, ಆದರೆ ಖಾಲಿ ತೋಟಾ (ಕಾರ್ಟ್ರಿಜ್) ತಾನೇ ಹೊರಗೆ ಬಿಸಾಕುತ್ತೆ. ಹೊಡೆಯೋದು ಮಾತ್ರ ಎಲ್ಲರೂ ಅದೇ ಬಿಲ್ಲೆಗೆ. ಇಷ್ಟು ಬಗೆ ಯಾಕೆ? ನಮ್ಮನೇಲಿ ಅಜ್ಜನ ಕಾಲದ ಇಂಗ್ಲೆಂಡಿನ ಜೋಡಿ ನಳಿಗೆ ಕೋವಿ ಇದೆ, 12 ಬೋರ್. ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಅದನ್ನೇ ಒಯ್ದರೆ ನಡೆಯುತ್ತಾ?

ಉತ್ತರ (ಶಿವಮೊಗ್ಗದಲ್ಲಿ ಕೋವಿ ದುರಸ್ತಿ ಅಂಗಡಿ ನಡೆಸುವವರು):

ನಮಸ್ಕಾರ ಗೌಡ್ರೇ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೇನೆ, ಅದು ಜೀವದ ವಿಷಯ. ನಳಿಗೆಯ ಅಡಿಭಾಗ ನೋಡುವವರೆಗೆ ಆ ಕೋವಿಗೆ ಈಗಿನ ತೋಟಾ ಹಾಕಬೇಡಿ.

ಆ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟಕ್ಕೆ ಛೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಎರಡೂವರೆ ಇಂಚು, ಅಂದರೆ 65 ಮಿ.ಮೀ. ಇವತ್ತು ಸಾಮಾನ್ಯವಾಗಿ ಸಿಗುವ ತೋಟಾ ಎರಡೂ ಮುಕ್ಕಾಲು ಇಂಚಿನದು, 70 ಮಿ.ಮೀ. ತೋಟಾದ ಉದ್ದ ಅಂತ ಬರೆಯುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಕವಚದ ಉದ್ದ. ಹೊಡೆಯುವ ಮುಂಚೆ ಬಾಯಿ ಒಳಕ್ಕೆ ಮಡಚಿರುತ್ತೆ, ಹಾಗಾಗಿ ಗಿಡ್ಡ ಛೇಂಬರಿಗೂ ಅದು ಸಲೀಸಾಗಿ ಇಳಿಯುತ್ತೆ, ಕೋವಿಯೂ ಮುಚ್ಚಿಕೊಳ್ಳುತ್ತೆ. ಯಾರಿಗೂ ಅನುಮಾನ ಬರೋದಿಲ್ಲ. ಕುದುರೆ (ಟ್ರಿಗರ್) ಎಳೆದಾಗ ಆ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತೆ, ಒತ್ತಡ ಏರುತ್ತೆ. ಒಂದೇ ಈಡಿಗೆ ಏನೂ ಆಗದೇ ಇರಬಹುದು. ಆದರೆ ಬಿಲ್ಲೆ ಹೊಡೆಯುವ ಆಟದಲ್ಲಿ ಒಂದು ಸುತ್ತಿಗೇ 25 ಬಿಲ್ಲೆ. ವರ್ಷಕ್ಕೆ ನಾಲ್ಕು ಈಡು ಕಂಡ ಹಳೇ ಕೋವಿ ಒಂದು ಬೆಳಗಿನಲ್ಲಿ ನೂರು ಈಡು ತಡೆಯಬೇಕಾಗುತ್ತೆ.

ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಮುಂದಿನ ಮರ ತೆಗೆಯಿರಿ, ನಳಿಗೆ ಬಿಚ್ಚಿ, ತಿರುಗಿಸಿ ಬೆಳಕಿಗೆ ಹಿಡಿಯಿರಿ. ಛೇಂಬರಿನ ಕೆಳಗೆ ಸಮತಟ್ಟು ಜಾಗದಲ್ಲಿ ಪುಟ್ಟ ಪುಟ್ಟ ಮುದ್ರೆಗಳಿರುತ್ತವೆ, ಕಿರೀಟದ ಗುರುತು ಇರುತ್ತೆ. ಅದು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್, ಅಂದರೆ ಕೋವಿ ಪರೀಕ್ಷಿಸುವ ಸಂಸ್ಥೆ, ಹಾಕಿದ ಮುದ್ರೆ. 'ನೈಟ್ರೊ ಪ್ರೂಫ್' (ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ) ಅಂತ ಇದೆಯಾ, ಎರಡೂವರೆ ಅಂತ ಅಂಕೆ ಇದೆಯಾ ನೋಡಿ. ನೈಟ್ರೊ ಮುದ್ರೆಯೇ ಇಲ್ಲದಿದ್ದರೆ ಅದು ಕರಿಮದ್ದಿನ ಕಾಲಕ್ಕೆ ಪರೀಕ್ಷೆಯಾದ ಕೋವಿ ಅಂತ ತಿಳಿದುಕೊಂಡು ಗೋಡೆಯ ಮೇಲೇ ಬಿಡಿ. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಹಾವಿನ ಮೈಯ ಹಾಗೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದು. ಅದನ್ನು ಈಗಿನ ತೋಟಾದಿಂದ ದೂರವೇ ಇಡಿ.

ಮುದ್ರೆ ಸರಿಯಿದ್ದರೂ ಅಂಗಡಿಗೆ ತನ್ನಿ, ಗೇಜ್ ಹಾಕಿ ಛೇಂಬರ್ ಅಳೆಯಬೇಕು, ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ನೋಡಬೇಕು. ನಮ್ಮ ಮಳೆಗಾಲ ಕೋವಿಗೆ ಒಳ್ಳೇದಲ್ಲ. ತುಕ್ಕು ತಿಂದ ಗುಂಡಿಗಳನ್ನು ಯಾರೋ ಉಜ್ಜಿ ಉಜ್ಜಿ ಹೊಳೆಯೋ ಹಾಗೆ ಮಾಡಿರ್ತಾರೆ, ಒಳಗೆ ನೋಡಿದರೆ ಕನ್ನಡಿ, ಗೋಡೆ ಮಾತ್ರ ತೆಳ್ಳಗೆ. ಒಲೆಯ ಮೇಲಿನ ಹೊಗೆಗೆ ವರ್ಷಾನುಗಟ್ಟಲೆ ನೇತುಹಾಕಿದ್ದರೆ ತುಕ್ಕು ಕಡಿಮೆ, ಆದರೆ ಮರ ಒಣಗಿ ಕಬ್ಬಿಣಕ್ಕೆ ಕೂಡುವ ಕಡೆ ಕೂದಲೆಳೆ ಬಿರುಕು ಬಿಟ್ಟಿರುತ್ತೆ. ಅಲ್ಲಿ ಉಗುರು ಓಡಿಸಿ ನೋಡಿ, ತಾಗುತ್ತೆ.

ಇನ್ನು ಇಷ್ಟು ಬಗೆ ಯಾಕೆ ಅನ್ನೋದು.

ನೀವು ನೋಡಿದ್ದು ಎಲ್ಲರಿಗೂ ಒಂದೇ ಬಿಲ್ಲೆ ನಿಜ, 110 ಮಿ.ಮೀ. ಅಗಲ, 105 ಗ್ರಾಂ ತೂಕ, ಡಾಂಬರಿನಂಥ ಅಂಟಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸಿ ಅಚ್ಚು ಹಾಕಿದ್ದು. ಆದರೆ ಅದು ಹಾರುವ ದಾರಿ ಬೇರೆ ಬೇರೆ. ಟ್ರ್ಯಾಪ್ ಆಟದಲ್ಲಿ ಯಂತ್ರಗಳು ನಿಮ್ಮ ಮುಂದೆ 15 ಮೀಟರ್ ದೂರದ ಕಂದಕದಲ್ಲಿರುತ್ತವೆ, ಬಿಲ್ಲೆ ನಿಮ್ಮಿಂದ ದೂರಕ್ಕೆ ಓಡುತ್ತೆ, ತಡವಾದಷ್ಟೂ ಕೈಮೀರುತ್ತೆ. ಸ್ಕೀಟ್ ಆಟದಲ್ಲಿ ಎರಡು ಕಡೆ ಎರಡು ಗೂಡು, ಬಿಲ್ಲೆ ಅಡ್ಡಡ್ಡ ಹಾಯುತ್ತೆ, 20 ಮೀಟರಿನ ಆಸುಪಾಸಿನಲ್ಲೇ ಹೊಡೆಯಬೇಕು. ಟ್ರ್ಯಾಪಿಗೆ ಉದ್ದ ನಳಿಗೆ ಬೇಕು, 30 ಅಥವಾ 32 ಇಂಚು, ತೂಕ ಮೂರೂವರೆ ಕಿಲೋ ಮೇಲೆ, ತುದಿ ಬಿಗಿ. ಸ್ಕೀಟಿಗೆ ಸ್ವಲ್ಪ ಗಿಡ್ಡ, ತುದಿ ಸಡಿಲ, ಬೇಗ ತಿರುಗಬೇಕು.

ತುದಿ ಬಿಗಿ ಸಡಿಲ ಅಂದದ್ದು ಚೋಕ್ ಬಗ್ಗೆ. ನಳಿಗೆಯ ಕೊನೆಯನ್ನು ಕೂದಲಷ್ಟು ಕಿರಿದು ಮಾಡಿದರೆ ಚರೆಗಳು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಚದುರುವುದು ತಡವಾಗುತ್ತೆ. ಲೆಕ್ಕ ಹಾಕುವುದು ಹೀಗೆ: 40 ಗಜ ದೂರದಲ್ಲಿ 30 ಇಂಚು ಅಗಲದ ವೃತ್ತ ಬರೆದರೆ, ಫುಲ್ ಚೋಕ್ ನೂರಕ್ಕೆ 70 ಚರೆ ಅದರೊಳಗೆ ಹಾಕುತ್ತೆ, ಚೋಕ್ ಇಲ್ಲದ ನೇರ ನಳಿಗೆ ಸುಮಾರು 40. ನಿಮ್ಮ ಅಜ್ಜನ ಕೋವಿಯಲ್ಲಿ ಬಹುಶಃ ಬಲಗಡೆ ನಳಿಗೆ ಸಡಿಲ, ಎಡಗಡೆ ಬಿಗಿ. ಎರಡು ಟ್ರಿಗರ್ ಇಟ್ಟಿದ್ದೇ ಅದಕ್ಕೆ, ಹತ್ತಿರದ್ದಕ್ಕೆ ಒಂದು, ದೂರದ್ದಕ್ಕೆ ಇನ್ನೊಂದು.

ನಳಿಗೆ ಒಂದರ ಮೇಲೊಂದು ಇರುವುದಕ್ಕೆ ಓವರ್-ಅಂಡರ್ ಅಂತಾರೆ. ಜಾನ್ ಬ್ರೌನಿಂಗ್ ರೂಪಿಸಿದ ಸೂಪರ್‌ಪೋಸ್ಡ್ 1931ರ ಸುಮಾರಿಗೆ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆ ಹರಡಿತು. ಈಗ ದೊಡ್ಡ ಪಂದ್ಯಗಳಲ್ಲಿ ಹೆಚ್ಚು ಕಾಣುವುದು ಇದೇ, ಇಟಲಿಯ ಪೆರಾಜಿ, ಬೆರೆಟಾ, ಜರ್ಮನಿಯ ಕ್ರೀಗಾಫ್. ಕಣ್ಣಿನ ಮುಂದೆ ಒಂದೇ ನಳಿಗೆಯ ಸಪೂರ ಪಟ್ಟಿ ಕಾಣುತ್ತೆ, ಬಿಲ್ಲೆ ಮುಚ್ಚಿಹೋಗೋದಿಲ್ಲ. ಕೆಳಗಿನ ನಳಿಗೆಯ ಈಡು ಮೊದಲು ಹಾರುವುದರಿಂದ ಹಿಂದೊದೆತ ನೇರ ಭುಜಕ್ಕೆ ಬರುತ್ತೆ, ಕೋವಿ ಅಷ್ಟಾಗಿ ಮೇಲೆ ಏಳೋದಿಲ್ಲ, ಎರಡನೇ ಈಡು ಬೇಗ ಸಿಗುತ್ತೆ. ಪಕ್ಕಪಕ್ಕದ್ದು ತೂಕ ಕಡಿಮೆ, ಗದ್ದೆ ಬದುವಿನ ಮೇಲೆ ದಿನವಿಡೀ ಹೊತ್ತು ತಿರುಗೋಕೆ ಮಾಡಿದ್ದು. ಆ ಹಗುರವೇ ಇಲ್ಲಿ ಭುಜಕ್ಕೆ ಹೊಡೆತ.

ತಾನೇ ತೋಟಾ ಬಿಸಾಕುವುದು ಸೆಮಿ-ಆಟೊ. ಮದ್ದಿನ ಅನಿಲದ ಒಂದು ಪಾಲನ್ನೇ ಬಳಸಿ ಬೋಲ್ಟನ್ನು ಹಿಂದಕ್ಕೆ ತಳ್ಳುವ ಬಗೆಯಲ್ಲಿ ಒದೆತ ಮೆತ್ತಗೆ ಅನಿಸುತ್ತೆ. ರೆಮಿಂಗ್ಟನ್ 1100 ಅನ್ನೋದು 1963ರಲ್ಲಿ ಬಂದು ಇದೇ ಗುಣಕ್ಕೆ ಹೆಸರಾಯ್ತು. ಆದರೆ ಜೋಡಿ ನಳಿಗೆಯ ಮಡಚುವ ಕೋವಿ ತೆರೆದಿಟ್ಟರೆ ಖಾಲಿ ಅಂತ ಇಡೀ ಸಾಲಿಗೆ ಕಾಣುತ್ತೆ, ಇದರಲ್ಲಿ ಹಾಗೆ ಕಾಣೋದಿಲ್ಲ, ಜೊತೆಗೆ ಬಿಸಿ ಕವಚ ಪಕ್ಕದವರ ಮೇಲೆ ಬೀಳುತ್ತೆ. ಕೈಯಲ್ಲಿ ಎಳೆದು ತಳ್ಳುವ ಪಂಪ್ ಆಕ್ಷನ್ ಅಂತಾರಾಷ್ಟ್ರೀಯ ಪಂದ್ಯದ ನಿಯಮದಲ್ಲಿ ಇಲ್ಲವೇ ಇಲ್ಲ, ಸೆಮಿ-ಆಟೊ ಇದೆ. ಮೋಜಿಗೆ ಹೊಡೆಯುವ ಕಡೆ ಪಂಪ್ ತಂದರೂ ಯಾರೂ ಬೇಡ ಅನ್ನೋದಿಲ್ಲ.

ನನ್ನನ್ನು ಕೇಳಿದರೆ, ಮುದ್ರೆ, ಅಳತೆ ಎರಡೂ ಪಾಸಾದರೆ ನಿಮ್ಮ ಅಜ್ಜನ ಕೋವಿಯಲ್ಲೇ ಶುರು ಮಾಡಿ, 65 ಮಿ.ಮೀ.ನ ಹಗುರ ತೋಟಾ ಸಿಕ್ಕಿದರೆ ಮಾತ್ರ. ಇಲ್ಲದಿದ್ದರೆ ಮೊದಲ ಕೆಲವು ಸಲ ರೇಂಜಿನ ಕೋವಿಯಲ್ಲಿ ಹೊಡೆಯಿರಿ. ಕಂಪನಿ ಹೆಸರಿಗಿಂತ ಕೋವಿ ನಿಮ್ಮ ಮೈಗೆ ಕೂರೋದು ಮುಖ್ಯ. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ತೆಗೆಯಿರಿ. ಕಣ್ಣು ನೇರ ನಳಿಗೆ ಮೇಲಿನ ಪಟ್ಟಿಯ ಮೇಲೆ ಇದ್ದರೆ ಆ ಕೋವಿ ನಿಮ್ಮದು. ಕುತ್ತಿಗೆ ಚಾಚಬೇಕಾದರೆ, ಕೆನ್ನೆ ಎತ್ತಬೇಕಾದರೆ, ಅದು ಲಕ್ಷಾಂತರ ರೂಪಾಯಿಯ ಪೆರಾಜಿಯಾದರೂ ಬಿಲ್ಲೆ ಒಡೆಯೋದಿಲ್ಲ.

ಪ್ರಶ್ನೆ (ಕೊಪ್ಪದಿಂದ ಒಬ್ಬರು):

ನಮ್ಮ ಕಡೆ ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆಯಲ್ಲಿ ನಾನು ಬಹುಮಾನ ತಗೊಂಡವನು. ಆದರೆ ಹಾರುವ ಬಿಲ್ಲೆ ಒಂದೂ ಸಿಗಲಿಲ್ಲ ಮಾರಾಯ್ರೆ. ಕೋವಿಯ ದೋಷವಾ?

ಉತ್ತರ:

ಕೋವಿಯದ್ದಲ್ಲ ಅಂತ ಕಾಣುತ್ತೆ. ನಿಂತ ಕಾಯಿಗೆ ನೀವು ಉಸಿರು ಹಿಡಿದು, ಕೋವಿ ಅಲುಗದ ಹಾಗೆ, ನಳಿಗೆ ತುದಿಯ ಗುರಿಯ ಮಣಿ ನೋಡಿ ಹೊಡೆದಿರಿ. ಬಿಲ್ಲೆಗೆ ಮಣಿ ನೋಡಿದ ಕ್ಷಣ ಕೋವಿ ನಿಂತುಬಿಡುತ್ತೆ, ಈಡು ಹಿಂದೆ ಹೋಗುತ್ತೆ. ಸ್ಕೀಟಿನ ನಟ್ಟನಡುವೆ ಅಡ್ಡ ಹಾಯುವ ಬಿಲ್ಲೆಗೆ ಸುಮಾರು ಒಂದು ಮೀಟರ್ ಮುಂದೆ ಹೊಡೆಯಬೇಕು, ಹೊಡೆದ ಮೇಲೂ ಕೋವಿ ತಿರುಗುತ್ತಲೇ ಇರಬೇಕು. ಕಣ್ಣು ಬಿಲ್ಲೆಯ ಮುಂದಿನ ಅಂಚಿನ ಮೇಲೆ, ಎರಡೂ ಕಣ್ಣು ತೆರೆದಿರಲಿ. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೂ ಹೀಗೇ ತಪ್ಪುತ್ತೆ, ದೂರದ ಅಡಿಕೆ ಮರದ ತುದಿಗೆ ಎರಡೂ ಕಣ್ಣು ತೆರೆದು ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದಾಗ ಬೆರಳು ಪಕ್ಕಕ್ಕೆ ಸರಿಯುತ್ತೋ ಅದೇ ನಿಮ್ಮ ಪ್ರಬಲ ಕಣ್ಣು.

ಇನ್ನೊಂದು, ಕಾಯಿಗೆ ಹೊಡೆದ ದಪ್ಪ ಗುಂಡಿನ ತೋಟಾ, ಎಲ್‌ಜಿ, ಎಸ್‌ಜಿ ಯಾವುದನ್ನೂ ಅಲ್ಲಿಗೆ ಒಯ್ಯಬೇಡಿ. ಬಿಲ್ಲೆಗೆ ಏಳೂವರೆ, ಎಂಟು, ಒಂಬತ್ತು ನಂಬರಿನ ಸಣ್ಣ ಚರೆ. ಪಂದ್ಯದಲ್ಲಿ ಚರೆಯ ತೂಕ 24 ಗ್ರಾಂ ಮಾತ್ರ. ಏಳೂವರೆ ನಂಬರಿನದಾದರೆ ಅದರಲ್ಲಿ ಸುಮಾರು 300 ಚರೆ.

ಪ್ರಶ್ನೆ (ಸಾಗರದ ಒಬ್ಬರು ಅಮ್ಮ):

ಮಗಳಿಗೆ 17. ಟಿವಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನೋಡಿದ ಮೇಲೆ ಇದೇ ಬೇಕು ಅಂತಾಳೆ. ಸಣ್ಣ ಮೈಕಟ್ಟು. 20 ಬೋರ್ ಕೊಡಿಸಿದರೆ ಒದೆತ ಕಡಿಮೆ ಅಂತ ಯಾರೋ ಹೇಳಿದರು, ಹೌದಾ ಅಣ್ಣ?

ಉತ್ತರ:

ಅಕ್ಕಾ, ಓದಿ ಖುಷಿಯಾಯ್ತು. ಪ್ಯಾರಿಸ್‌ನಲ್ಲಿ 2024ರಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರುಕಾ ಮಿಶ್ರ ತಂಡದ ಸ್ಕೀಟಿನಲ್ಲಿ ನಾಲ್ಕನೆಯವರಾದರು, ಪದಕ ಕೂದಲೆಳೆಯಲ್ಲಿ ತಪ್ಪಿತು. ಅದಕ್ಕೂ ಮುಂಚೆ 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಅಥೆನ್ಸಿನಲ್ಲಿ ಡಬಲ್ ಟ್ರ್ಯಾಪಿನಲ್ಲಿ (ಒಮ್ಮೆಲೇ ಎರಡು ಬಿಲ್ಲೆ ಹಾರಿಸುವ ಆಟ) ಬೆಳ್ಳಿ ಗೆದ್ದರು. ನಮ್ಮ ಮಲೆನಾಡಿನ ಮನೆಗಳಲ್ಲಿ ಕೋವಿ ಇದೆ, ಕೈಯಿದೆ, ಆದರೆ ಮಕ್ಕಳನ್ನು ಈ ಆಟಕ್ಕೆ ಕಳಿಸುವವರು ಕಡಿಮೆ. ದಯವಿಟ್ಟು ಕಳಿಸಿ.

20 ಬೋರ್ ವಿಷಯ ಪೂರ್ತಿ ನಿಜ ಅಲ್ಲ. ಬೋರ್ ಅಂಕೆ ದೊಡ್ಡದಾದಷ್ಟೂ ನಳಿಗೆ ಸಣ್ಣ: 12 ಬೋರ್ ಸುಮಾರು ಹದಿನೆಂಟೂವರೆ ಮಿ.ಮೀ., 20 ಬೋರ್ ಹದಿನೈದೂವರೆ ಚಿಲ್ಲರೆ. ಆದರೆ 20 ಬೋರ್ ಕೋವಿಯನ್ನು ಹಗುರವಾಗಿಯೇ ಮಾಡಿರ್ತಾರೆ. ಹಗುರ ಕೋವಿಯಲ್ಲಿ ಅಷ್ಟೇ ಚರೆ ಹಾಕಿದರೆ ಒದೆತ ಜಾಸ್ತಿಯೇ. ತೂಕದ 12 ಬೋರಿನಲ್ಲಿ 24 ಗ್ರಾಂ ಅಥವಾ ಅದಕ್ಕಿಂತ ಹಗುರ ತೋಟಾ ಹಾಕಿದರೆ ಅವಳ ಭುಜಕ್ಕೆ ಅದೇ ಸುಖ. ಮುಖ್ಯವಾಗಿ ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಂದಿನ ಮರದ ಉದ್ದ, ಅವಳ ಕೈಗೆ ಹೊಂದಬೇಕು. ಗಂಡಸರ ಅಳತೆಯ ಕೋವಿ ಕೊಟ್ಟರೆ ಹಿಂದಕ್ಕೆ ವಾಲಿ ನಿಲ್ತಾಳೆ, ನಿಂತ ರೀತಿ ನೋಡಿದರೇ ಗೊತ್ತಾಗುತ್ತೆ. ಅಮೆರಿಕದ ಸ್ಕೀಟಿನಲ್ಲಿ 12, 20, 28 ಮತ್ತು .410 ಅಂತ ನಾಲ್ಕು ಅಳತೆಗೂ ಬೇರೆ ಬೇರೆ ಪಂದ್ಯ ಇದೆ. ಆದರೆ .410 ಮಕ್ಕಳ ಕೋವಿ ಅಲ್ಲ. ಚರೆ ಬಹಳ ಕಡಿಮೆ, ಪಳಗಿದವರಿಗೇ ಕಷ್ಟ, ಕಲಿಯುವವರಿಗೆ ಬೇಸರ ಬಂದುಬಿಡುತ್ತೆ.

ಕೊಳ್ಳೋಕೆ ಅವಸರ ಬೇಡ. 21 ತುಂಬದೆ ಅವಳ ಹೆಸರಿಗೆ ಮಾಮೂಲಿ ಲೈಸೆನ್ಸ್ ಆಗೋದಿಲ್ಲ. ಕ್ರೀಡಾ ತರಬೇತಿಗೆ ನಿಯಮದಲ್ಲಿ ಬೇರೆ ದಾರಿ ಇದೆ, ಅದು ಮಾನ್ಯತೆ ಪಡೆದ ರೈಫಲ್ ಕ್ಲಬ್ ಮೂಲಕ.

ಪ್ರಶ್ನೆ (ಹೊಸನಗರದಿಂದ):

ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ ನಡೆಯುತ್ತಾ?

ಉತ್ತರ:

ಹೊರದೇಶಗಳಲ್ಲಿ ಹಳೇ ಮಾದರಿ ಕೋವಿಗಳಿಗೇ ಮೀಸಲಾದ ಬಿಲ್ಲೆ ಪಂದ್ಯಗಳಿವೆ, ಕರಿಮದ್ದು ಅಳೆದು ನಳಿಗೆಯ ಬಾಯಿಂದ ತುಂಬಿ ಹೊಡೀತಾರೆ. ನಿಮ್ಮ ಸಾಮಾನ್ಯ ಸಾಲಿಗೆ ತರಬೇಡಿ. ಒಂದು ಈಡಿಗೆ ಉಳಿದವರೆಲ್ಲ ಕಾಯಬೇಕಾಗುತ್ತೆ, ಮದ್ದಿನ ಡಬ್ಬಿ ಸಾಲಿನ ಹತ್ತಿರ ಇರೋದೂ ಸರಿಯಲ್ಲ.

ಪ್ರಶ್ನೆ (ತೀರ್ಥಹಳ್ಳಿಯ ಅದೇ ಬೆಳೆಗಾರರು):

ನೀವು ಹೇಳಿದ ಹಾಗೆ ಬಿಚ್ಚಿ ನೋಡಿದೆ ಅಣ್ಣ. 'ನೈಟ್ರೊ ಪ್ರೂಫ್' ಇದೆ, ಎರಡೂವರೆ ಅಂತಲೂ ಇದೆ. ಬಲಗಡೆ ನಳಿಗೆಯ ತುದಿ ಹತ್ತಿರ ಒಂದು ಸಣ್ಣ ಉಬ್ಬು ಕೈಗೆ ಸಿಗುತ್ತೆ. ಅಷ್ಟು ಉದ್ದ ಕೊಯ್ದು ತೆಗೆದರೆ ಆಗಲ್ವಾ? ಆಮೇಲೆ ನಮ್ಮ ತೋಟದ ಮೇಲಿನ ಬ್ಯಾಣದಲ್ಲೇ (ಹುಲ್ಲುಗುಡ್ಡದಲ್ಲೇ) ಬಿಲ್ಲೆ ಎಸೆಯುವ ಯಂತ್ರ ಇಟ್ಟುಕೊಂಡರೆ ಹೇಗೆ?

ಉತ್ತರ:

ಗೌಡ್ರೇ, ಉಬ್ಬು ಅಂದರೆ ಯಾವತ್ತೋ ನಳಿಗೆ ಬಾಯಲ್ಲಿ ಮಣ್ಣೋ ಬಟ್ಟೆ ಚೂರೋ ಸಿಕ್ಕಿದ್ದಾಗ ಈಡು ಹಾರಿದೆ. ಅಲ್ಲಿ ಉಕ್ಕು ಹಿಗ್ಗಿದೆ. ಅದರಲ್ಲಿ ಈಗ ಒಂದು ಈಡೂ ಬೇಡ. ನೀವೇ ಕೊಯ್ಯೋದಂತೂ ಬೇಡವೇ ಬೇಡ. 1959ರ ಆಯುಧ ಕಾಯ್ದೆಯ 6ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಅಪರಾಧ. ಕೊಯ್ದರೆ ಚೋಕ್ ಹೋಗುತ್ತೆ, ಎರಡು ನಳಿಗೆಯ ನಡುವಿನ ಬೆಸುಗೆ ಬಿಡುತ್ತೆ.

ಬ್ಯಾಣದ ವಿಷಯಕ್ಕೂ ಬೇಡ ಅಂತಲೇ ಹೇಳ್ತೇನೆ. ಸಣ್ಣ ಚರೆಯೂ ಸುಮಾರು 200 ಮೀಟರ್ ದೂರ ಹೋಗಿ ಬೀಳುತ್ತೆ. ಬ್ಯಾಣದ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ, ಅಡಿಕೆ ಕೊನೆ ತೆಗೆಯುವವರು ಮರದ ಮೇಲೆ. ಚರೆ ಸೀಸದ್ದು, ಒಂದು ಸುತ್ತಿಗೇ ಅರ್ಧ ಕಿಲೋ ಮೇಲೆ ನೆಲಕ್ಕೆ ಬೀಳುತ್ತೆ, ಮಳೆಗೆ ಹಳ್ಳ ಸೇರುತ್ತೆ, ಆ ನೀರನ್ನೇ ದನ ಕುಡಿಯೋದು. ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ಯಾವ ಉದ್ದೇಶ, ಎಲ್ಲಿವರೆಗೆ ವ್ಯಾಪ್ತಿ ಅಂತಲೂ ಬರೆದಿರುತ್ತೆ. ಬೆಳೆ ರಕ್ಷಣೆಗೆ ಅಂತಿದ್ದರೆ ರೇಂಜಿಗೆ ಒಯ್ಯುವ ಮುಂಚೆಯೇ ಡಿಸಿ ಕಚೇರಿಯಲ್ಲಿ ಕೇಳಿ, ಲಿಖಿತದಲ್ಲಿ ಪಡೆಯಿರಿ.

ಕೋವಿ ನೋಡೋಣ, ಸೋಮವಾರ ತನ್ನಿ. ನಳಿಗೆ ಬಿಚ್ಚಿ ಚೀಲದಲ್ಲಿ, ಲೈಸೆನ್ಸ್ ಪುಸ್ತಕ ಜೊತೆಗಿರಲಿ, ತೋಟಾ ಮನೆಯಲ್ಲೇ ಬಿಟ್ಟು ಬನ್ನಿ. ಎಡಗಡೆ ನಳಿಗೆ ಚೆನ್ನಾಗಿದ್ದರೂ ಅದೊಂದರಲ್ಲೇ ಹೊಡೀತೇನೆ ಅನ್ನಬೇಡಿ, ಎರಡೂ ಒಟ್ಟಿಗೆ ಪಾಸಾಗಬೇಕು.