ಸಹಾಯ ಬೇಕು: ಶೋನಾ ಭಾಷೆ ಬಲ್ಲವರು ಯಾರಾದರೂ ಇದ್ದಾರಾ?

ನಮಸ್ಕಾರ, ನಾನು ಕಾರವಾರದವಳು. ಜಿಂಬಾಬ್ವೆಯ ಮುತಾರೆಯಲ್ಲಿ ಕೆಲಸಕ್ಕಿದ್ದ ನಮ್ಮ ಚಿಕ್ಕಪ್ಪ ಅಲ್ಲೇ ತೀರಿಕೊಂಡರು. ಅವರಿಗೆ ಅಡುಗೆ ಮಾಡುತ್ತಿದ್ದ ಅಜ್ಜಿ 11 ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಾರೆ, ಪೂರ್ತಿ ಶೋನಾದಲ್ಲಿ. ನಡುವೆ ಅಳುತ್ತಾರೆ. ಚಿಕ್ಕಮ್ಮ ದಿನಾ ರಾತ್ರಿ ಮೊಬೈಲ್ ಕಿವಿಗಿಟ್ಟುಕೊಂಡು ಕೇಳುತ್ತಾರೆ. ಅರ್ಥವಾಗುವುದು ‘ಬಾಬಾ’ ಒಂದೇ.

ಗೂಗಲ್‌ಗೆ ಕೇಳಿಸಿ ನೋಡಿದೆ, ಆಗಲಿಲ್ಲ. ಪರಿಚಯದ ತಾಂಜಾನಿಯಾ ಹುಡುಗನಿಗೆ ಬರುವುದು ಸ್ವಾಹಿಲಿ. ಶೋನಾ, ಸ್ವಾಹಿಲಿ ಎರಡೂ ಬಾಂಟು ಎಂಬ ಒಂದೇ ಆಫ್ರಿಕನ್ ಭಾಷಾ ಕುಟುಂಬದವೇ, ಆದರೂ ಅವನಿಗೆ ತಿಳಿಯಲಿಲ್ಲ. ಬೆಂಗಳೂರಿನ ಅನುವಾದ ಕಚೇರಿಯೊಂದರಲ್ಲಿ ಫ್ರೆಂಚ್, ಅರೇಬಿಕ್ ಮಾತ್ರ ಇದೆಯಂತೆ.

ಶೋನಾದಲ್ಲೇ ಬೇರೆ ಬೇರೆ ಉಪಭಾಷೆಗಳಿವೆ: ಮುತಾರೆ ಕಡೆ ಮನ್ಯಿಕಾ, ರಾಜಧಾನಿ ಹರಾರೆ ಕಡೆ ಝೆಝುರು. ಹರಾರೆಯವರು ಸಿಕ್ಕರೆ ಸಾಕಾ, ಮನ್ಯಿಕಾದವರೇ ಬೇಕಾ? ಧಾರವಾಡ, ಮಂಗಳೂರು, ಗೋವಾದಲ್ಲಿ ಜಿಂಬಾಬ್ವೆ ವಿದ್ಯಾರ್ಥಿಗಳು ಯಾರಿಗಾದರೂ ಗೊತ್ತಾ? ಇಂಗ್ಲಿಷಿನಲ್ಲಿ ಹೇಳಿದರೂ ಸಾಕು. ನಿಮಿಷಕ್ಕೆ ಎಷ್ಟು ಕೊಡಬೇಕು ಅಂತಲೂ ತಿಳಿಸಿ.