ಜಪಾನೀಸ್ ಎನ್3 ತರಗತಿ: ಕೇಗೊ ಅಭ್ಯಾಸ ಹೇಗೆ?

ಪ್ರಶ್ನೆ: ಜಪಾನೀಸ್ ಭಾಷಾ ಪರೀಕ್ಷೆ ಜೆಎಲ್‌ಪಿಟಿಯಲ್ಲಿ ಎನ್3ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎನ್4 ಮಟ್ಟದ ವ್ಯಾಕರಣ ಗಟ್ಟಿಯಾಗಿದೆ. ಆದರೆ ತರಗತಿಯ ಸಂಭಾಷಣೆಯಲ್ಲಿ ಕೇಗೊ, ಅಂದರೆ ಗೌರವರೂಪಗಳು, ತಪ್ಪುತ್ತಲೇ ಇವೆ. ಪಟ್ಟಿ ಬಾಯಿಪಾಠ ಮಾಡಿದರೂ ಸಾಲುತ್ತಿಲ್ಲ. ಏನು ಮಾಡಲಿ?

ಉತ್ತರ 1: ಪಟ್ಟಿ ಬದಿಗಿಡಿ, ಎದುರಿಗಿರುವವರನ್ನು ನೋಡಿ. ಕನ್ನಡದಲ್ಲಿ ಮೇಲಧಿಕಾರಿ ಯಾರ ಮುಂದೆಯೂ ‘ಅವರು’. ಜಪಾನಿನಲ್ಲಿ ಹಾಗಲ್ಲ. ಸಹೋದ್ಯೋಗಿಗೆ ಹೇಳುವಾಗ ‘ತನಕಾ ಬುಚೋ ವ ಇರಸ್ಶೈಮಾಸು’, ಅಂದರೆ ವಿಭಾಗದ ಮುಖ್ಯಸ್ಥ ತನಕಾ ಅವರು ಇದ್ದಾರೆ. ಹೊರಗಿನ ಗ್ರಾಹಕರಿಗೆ ಹೇಳುವಾಗ ಅದೇ ಮೇಲಧಿಕಾರಿ ಬರಿಯ ‘ತನಕಾ’, ‘ಇದ್ದಾರೆ’ ಅನ್ನುವ ಕ್ರಿಯಾಪದವೂ ತಗ್ಗಿ ವಿನಯರೂಪ ‘ಒರಿಮಾಸು’. ಇಲ್ಲಿ ಹೆಸರಿಗೆ ಗೌರವದ ‘ಸಾನ್’ ಸೇರಿಸುವುದೇ ನಾವು ಮಾಡುವ ದೊಡ್ಡ ತಪ್ಪು. ಮೂವರು ಕೂತು ನೌಕರ, ಸಹೋದ್ಯೋಗಿ, ಗ್ರಾಹಕರ ಪಾತ್ರ ಹಂಚಿಕೊಳ್ಳಿ. ನೌಕರ ಒಂದೇ ಸುದ್ದಿಯನ್ನು ಇಬ್ಬರಿಗೂ ಹೇಳಲಿ, ಆಮೇಲೆ ಪಾತ್ರ ಬದಲಿಸಿ.

ಉತ್ತರ 2: ಗೌರವ ಹೆಚ್ಚಾದರೂ ತಪ್ಪೇ. ‘ಹೇಳು’ ಅನ್ನುವುದಕ್ಕೆ ‘ಒಸ್ಶಾರು’ ಆಗಲೇ ಗೌರವರೂಪ. ಅದಕ್ಕೆ ಮತ್ತೆ ಗೌರವದ ಪ್ರತ್ಯಯ ‘ರೆರು’ ಹಚ್ಚಿ ‘ಒಸ್ಶಾರರೆರು’ ಅಂದರೆ ನಿಜೂ ಕೇಗೊ, ಎರಡು ಪದರದ ಗೌರವ. ಶಿಕ್ಷಕರು ತಿದ್ದುತ್ತಾರೆ.

ಉತ್ತರ 3: ಜೆಎಲ್‌ಪಿಟಿ ಗುರಿಯಿದ್ದರೆ ಓದನ್ನು ಬಿಡಬೇಡಿ. ಎನ್3ರಲ್ಲಿ ವ್ಯಾಕರಣ, ಓದು ಎರಡಕ್ಕೂ ಸೇರಿ 70 ನಿಮಿಷ. 180ಕ್ಕೆ 95 ಬಂದರೂ ಯಾವುದೇ ವಿಭಾಗದಲ್ಲಿ 19ಕ್ಕಿಂತ ಕಡಿಮೆಯಾದರೆ ಫೇಲು.