ಮಗನಿಗೆ ತೂಕ ಜಾಸ್ತಿ, ವ್ಯಾಯಾಮ ಅಂದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಏನು ಮಾಡೋದು?

ತುಮಕೂರಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗನಿಗೆ ಹದಿನೈದು ವರ್ಷ, ಒಂಬತ್ತನೇ ಕ್ಲಾಸು. ಎತ್ತರ 5 ಅಡಿ 5 ಇಂಚು, ತೂಕ 92 ಕೆ.ಜಿ. ಮಕ್ಕಳ ಡಾಕ್ಟರ್ ಚಾರ್ಟ್ ತೋರಿಸಿ, ಇದು ಬರೀ ಮೈ ತುಂಬಿಕೊಂಡಿರೋದಲ್ಲ, ಬೊಜ್ಜು ಅಂತಲೇ ಹೇಳಿದರು. ಕತ್ತಿನ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಸಕ್ಕರೆ ಸದ್ಯಕ್ಕೆ ಸರಿಯಾಗಿದೆ. ದಿನಾ ಒಂದು ಗಂಟೆ ಮೈ ಬೆವರಬೇಕು ಅಂದಿದ್ದಾರೆ.

ಊಟದ ವಿಷಯ ಹೇಗೋ ನಿಭಾಯಿಸುತ್ತಿದ್ದೇವೆ. ಬೇಕರಿ ಪಫ್ಸು, ಕೂಲ್ ಡ್ರಿಂಕ್ಸು ಕಮ್ಮಿಯಾಗಿದೆ. ಮೈ ಆಡಿಸೋದು ಮಾತ್ರ ಆಗುತ್ತಲೇ ಇಲ್ಲ. ಅವರಪ್ಪ ಬೆಳಿಗ್ಗೆ ಐದೂವರೆಗೆ ವಾಕಿಂಗ್‌ಗೆ ಎಬ್ಬಿಸಿದರೆ ಮಂಡಿ ನೋವು ಅನ್ನುತ್ತಾನೆ. ನೆಪ ಅಂತ ಅವರಿಗೆ ಸಿಟ್ಟು. ಜಿಮ್‌ಗೆ ಸೇರಿಸಿದೆವು, ಸುತ್ತಲೂ ಕನ್ನಡಿ ಅಂತ ಬಿಟ್ಟುಬಿಟ್ಟ. ಫುಟ್‌ಬಾಲ್ ಅಂದರೆ ಪ್ರಾಣ, ರಾತ್ರಿ ಎದ್ದು ಯುರೋಪಿನ ಮ್ಯಾಚ್ ನೋಡುತ್ತಾನೆ. ಸ್ಕೂಲಿನಲ್ಲಿ ಆಡೋಕೆ ಮಾತ್ರ ಹೋಗುವುದಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಅಗಲ ಇದ್ದಾನೆ ಅಂತ ನನ್ನನ್ನ ಗೋಲಿಗೆ ಅಡ್ಡ ನಿಲ್ಲಿಸ್ತಾರೆ ಅಮ್ಮ" ಅಂದ. ಆಮೇಲೆ ಮಾತೇ ಆಡಲಿಲ್ಲ.

ಬೈದದ್ದಾಯಿತು, ಹೊಸ ಫೋನಿನ ಆಸೆ ತೋರಿಸಿದ್ದಾಯಿತು. ಅವನಿಗೆ ತಾನಾಗೇ ಮನಸ್ಸು ಬರೋ ಹಾಗೆ ಏನಾದರೂ ದಾರಿ ಇದೆಯಾ?

ಆರ್.ಟಿ. ನಗರ:

ಫೋನ್ ಕಿತ್ತಿಟ್ಟುಕೊಳ್ಳಿ ಮೇಡಂ. ರಾತ್ರಿ ಅನ್ನ ಬಿಡಿಸಿ, ಒಳ್ಳೆ ಟ್ರೈನರ್ ಇರೋ ಜಿಮ್‌ಗೆ ಹಾಕಿ. ಮೊದಲ ತಿಂಗಳು ಅಳುತ್ತಾನೆ, ಆಮೇಲೆ ಅಭ್ಯಾಸ ಆಗುತ್ತೆ. ಈ ವಯಸ್ಸಿನಲ್ಲಿ ಶಿಸ್ತು ಬರದಿದ್ದರೆ ಮುಂದೆ ಕಷ್ಟ.

ಪಿ.ಟಿ. ಮೇಷ್ಟ್ರು, ಹಾಸನ ಜಿಲ್ಲೆ:

ಅಮ್ಮ, ನಾನು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಮೇಲಿನವರು ಕಾಳಜಿಯಿಂದಲೇ ಬರೆದಿದ್ದಾರೆ. ಆದರೆ ನಿಮ್ಮ ಮಗನಂಥ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ, ಇವರಿಗೆ ಕೊರತೆ ಇರೋದು ಶಿಸ್ತಿನದಲ್ಲ.

ಮೊದಲು ಸೋಮಾರಿ ಅನ್ನೋ ಮಾತನ್ನು ಮನೆಯಿಂದ ಹೊರಗೆ ಹಾಕಿ. 55 ಕೆ.ಜಿ. ಇರೋ ಹುಡುಗನ ಬೆನ್ನಿಗೆ ದೊಡ್ಡದೊಂದು ಅಕ್ಕಿ ಮೂಟೆ ಕಟ್ಟಿ ಗ್ರೌಂಡ್ ಸುತ್ತಿಸಿದರೆ ಅವನೂ ಕೂತುಬಿಡುತ್ತಾನೆ. ನಿಮ್ಮ ಮಗ ಜೋರಾಗಿ ನಡೆದರೇ ಅವನ ಎದೆ, ಉಸಿರು ಉಳಿದವರು ಓಡುವಾಗ ಮಾಡುವಷ್ಟು ಕೆಲಸ ಮಾಡುತ್ತವೆ. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಆ ಮಟ್ಟ ಸಾಕು. ಡಾಕ್ಟರ್ ಹೇಳಿದ ಒಂದು ಗಂಟೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. 5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ, ಅದೂ ವಾರದ ಸರಾಸರಿ. ಒಂದೇ ಸಲ ಆಗಬೇಕು ಅಂತ ಇಲ್ಲ. ಹತ್ತು ನಿಮಿಷ, ಕಾಲು ಗಂಟೆ ಎಲ್ಲ ಲೆಕ್ಕಕ್ಕೆ ಬರುತ್ತೆ. ಇನ್ನೊಂದು ವಿಷಯ. 2016ರ ಲೆಕ್ಕದಲ್ಲಿ ಇಡೀ ಜಗತ್ತಿನ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ 81 ಮಂದಿ ಇಷ್ಟು ಮೈ ಆಡಿಸುತ್ತಿರಲಿಲ್ಲ. ಸಣ್ಣಗಿರೋರೂ ಅದರಲ್ಲಿ ಸೇರಿದ್ದಾರೆ. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈಗ ಮನಸ್ಸಿನ ವಿಷಯ. ವ್ಯಾಯಾಮ ಅಂದರೆ ಏನು ಅಂತ ನಮ್ಮ ಶಾಲೆಗಳು ಮಕ್ಕಳಿಗೆ ಹೇಗೆ ಕಲಿಸಿವೆ ನೋಡಿ. ಹೋಂವರ್ಕ್ ಮಾಡಿಲ್ಲವಾ, ಬಸ್ಕಿ ಹೊಡಿ. ಲೇಟಾಗಿ ಬಂದೆಯಾ, ಗ್ರೌಂಡ್ ಎರಡು ರೌಂಡ್ ಓಡು. ಇಡೀ ಬಾಲ್ಯ ಅದನ್ನು ಶಿಕ್ಷೆಯಾಗಿ ಕೊಟ್ಟು, ಹದಿನೈದಕ್ಕೆ ಬಂದಾಗ ಇಷ್ಟಪಟ್ಟು ಮಾಡು ಅಂದರೆ ಹೇಗೆ? ಅದರ ಮೇಲೆ ಟೀಮ್ ಆರಿಸೋ ಪದ್ಧತಿ. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆಯುತ್ತಾರೆ, ಕೊನೆಗೆ ಒಬ್ಬ ಉಳಿಯುತ್ತಾನೆ. ವಾರ ವಾರವೂ ಅವನೇ. ನನ್ನ ಗ್ರೌಂಡಿನಲ್ಲಿ ಕ್ಯಾಪ್ಟನ್ ಆರಿಸೋ ಹಾಗಿಲ್ಲ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸಿ ಬಿಡುತ್ತೇನೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಪಿ.ಟಿ. ಪೀರಿಯಡ್ ಬಂದರೆ ಹೊಟ್ಟೆನೋವು ಅಂತ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಆಗಸ್ಟ್ 15ಕ್ಕೆ ಸ್ಟೇಜ್ ಹಾಕುವಾಗ, ಇಬ್ಬರು ಹಿಡಿಯುವ ಮರದ ಡೆಸ್ಕನ್ನು ಒಬ್ಬನೇ ಎತ್ತಿ ತಂದು ಇಟ್ಟ. ಮಾರನೇ ದಿನ ಎಲ್ಲರೂ ಹೋದ ಮೇಲೆ ಅವನೊಬ್ಬನನ್ನೇ ಕರೆದು ಕೈಗೆ ಶಾಟ್‌ಪುಟ್ ಗುಂಡು ಕೊಟ್ಟೆ. ಮೊದಲ ಸಲ ಪಕ್ಕಕ್ಕೆ ಬಿತ್ತು. ಗುಂಡನ್ನು ಕತ್ತಿಗೆ ಒತ್ತಿ ಹಿಡಿ, ಮೊಣಕೈ ಮೇಲೆ ಇರಲಿ, ಬೀಸಬೇಡ, ತಳ್ಳು ಅಂದೆ. ಎರಡನೇ ಸಲ ನಾನು ಗೆರೆ ಎಳೆದಿದ್ದ ಜಾಗ ದಾಟಿತು. ಅವನೇ ಹೋಗಿ ಗುಂಡು ಬಿದ್ದ ಗುಳಿ ಮುಟ್ಟಿ ನೋಡಿದ. ಆಮೇಲೆ ಬಂದು, "ಸಾರ್, ಇನ್ನೂ ದೂರ ಹೋಗಬೇಕು ಅಂದ್ರೆ ಏನ್ ಮಾಡ್ಬೇಕು?" ಅಂದ.

ನೀವು ಕೇಳುತ್ತಿರೋ ಮನಸ್ಸು ಇದೇ ಅಮ್ಮ. ದೂರ ಹೋಗೋಕೆ ಕಾಲಿನಲ್ಲಿ ಶಕ್ತಿ ಬೇಕು ಅಂದೆ. ಅಲ್ಲಿಯವರೆಗೆ ಶಿಕ್ಷೆ ಅಂತ ಹೊಡೆಯುತ್ತಿದ್ದ ಬಸ್ಕಿಯನ್ನು ಅವನೇ ಮನೆಯಲ್ಲಿ ಹೊಡೆಯತೊಡಗಿದ. ಆ ವರ್ಷ ಅವನ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೆ ಮೆಟ್ಟಿಲಲ್ಲಿ ನಿಲ್ಲದೆ ಮೇಲಿನ ಕ್ಲಾಸಿಗೆ ಹೋಗುತ್ತಿದ್ದ. ಮರದ ಕೆಳಗೆ ಕೂರೋದು ನಿಂತಿತು.

ಡೆಸಿ ಮತ್ತು ರಯಾನ್ ಅಂತ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿದ್ದು ನನ್ನ ಅನುಭವಕ್ಕೆ ಸರಿಯಾಗಿ ಹೊಂದುತ್ತೆ. ಒಳಗಿನಿಂದ ಮನಸ್ಸು ಬರಬೇಕಾದರೆ ಆಯ್ಕೆ ತನ್ನದಾಗಿರಬೇಕು, ನನ್ನ ಕೈಲಾಗುತ್ತೆ ಅನ್ನಿಸಬೇಕು, ತನ್ನವರು ಅನ್ನಿಸೋರು ಜೊತೆಗಿರಬೇಕು. ಫೋನಿನ ಆಸೆ ಈ ಮೂರರಲ್ಲಿ ಯಾವುದನ್ನೂ ಕೊಡುವುದಿಲ್ಲ. ಬೆಳಿಗ್ಗೆ ಐದೂವರೆ ಅವರಪ್ಪನ ಆಯ್ಕೆ. ಸಂಜೆ ಏಳಕ್ಕೆ ಬೇಕಾ, ಮನೆಯಲ್ಲಾ, ಹೊರಗಾ, ಯಾವ ಆಟ, ಅವನನ್ನೇ ಕೇಳಿ.

ಭಾರ ಎತ್ತೋದು, ತಳ್ಳೋದು ಸೇರಿಸಿ. ದಪ್ಪ ಇರೋ ಮಕ್ಕಳು ಓಟದಲ್ಲಿ ಕೊನೆ, ಬಲದಲ್ಲಿ ಬಹಳ ಸಲ ಮೊದಲು. ಕೆನಡಾದ ಒಟ್ಟಾವಾದಲ್ಲಿ 14ರಿಂದ 18 ವರ್ಷದ ಬೊಜ್ಜಿರೋ ಮಕ್ಕಳ ಮೇಲೆ ಹಾರ್ಟಿ ಅನ್ನೋ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ತಪ್ಪದೆ ಬಂದ ಮಕ್ಕಳಲ್ಲಿ ಬರೀ ನಡಿಗೆ, ಸೈಕಲ್ ಥರದ್ದು ಮಾಡಿದವರಿಗಿಂತ ಅದರ ಜೊತೆ ಭಾರದ ವ್ಯಾಯಾಮವನ್ನೂ ಮಾಡಿದವರಿಗೆ ಮೈ ಕೊಬ್ಬು ಜಾಸ್ತಿ ಇಳಿದಿತ್ತು. ತೂಕದ ಮಷಿನ್ ಮಾತ್ರ ದಿನಾ ತೆಗೆಯಬೇಡಿ. ವ್ಯಾಯಾಮ ಒಂದರಿಂದಲೇ ಕೆ.ಜಿ. ಬೇಗ ಇಳಿಯಲ್ಲ. ನಿದ್ದೆ, ಉಸಿರು, ಇನ್ಸುಲಿನ್ ಕೆಲಸ ಮೊದಲು ಸುಧಾರಿಸುತ್ತೆ. ಮುಳ್ಳು ಅಲ್ಲಾಡಲಿಲ್ಲ ಅಂತ ಮಕ್ಕಳು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಬಿ.ಕಾಂ. ಹುಡುಗಿ, ಮೈಸೂರು:

ಸಾರ್ ಬರೆದದ್ದನ್ನು ಓದಿ ಕಣ್ಣು ತುಂಬಿತು. ನಾನೂ ಹಾಗೇ ಇದ್ದ ಹುಡುಗಿ. ದೊಡ್ಡವರಿಗೆ ಗೊತ್ತಾಗದ ಕೆಲವು ವಿಷಯ ಹೇಳುತ್ತೇನೆ.

ತೊಡೆ ಉಜ್ಜಿ ಉಜ್ಜಿ ಸಿಪ್ಪೆ ಎದ್ದುಹೋಗುತ್ತೆ. ಅರ್ಧ ಗಂಟೆ ನಡೆದರೆ ಮಾರನೇ ದಿನ ಕಾಲು ಅಗಲಿಸಿ ನಡೆಯಬೇಕು. ಇದನ್ನು ಯಾವ ಮಗುವೂ ಅಪ್ಪನ ಹತ್ತಿರ ಹೇಳಲ್ಲ, ಮಂಡಿ ನೋವು, ತಲೆನೋವು ಅನ್ನುತ್ತೆ. ಒಳಗೆ ಮೊಣಕಾಲಿನವರೆಗೆ ಬರೋ ಬಿಗಿ ಸೈಕ್ಲಿಂಗ್ ಚಡ್ಡಿ, ಮೊದಲೇ ಒಂಚೂರು ವ್ಯಾಸಲೀನ್. ನನಗೆ ಅಷ್ಟರಿಂದಲೇ ನಡೆಯೋಕೆ ಆಯಿತು. ಮೇಲೆ ಗಾಢ ಬಣ್ಣದ ಸಡಿಲ ಟೀಶರ್ಟ್ ಇರಲಿ, ತಿಳಿ ಬಣ್ಣದ್ದಕ್ಕೆ ಬೆವರು ಎದ್ದು ಕಾಣುತ್ತೆ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅಮ್ಮನ ಜೊತೆ ಹೋಗುತ್ತಿದ್ದಾಗ ಗುರುತಿಲ್ಲದ ಆಂಟಿಯರೆಲ್ಲ "ಚೆನ್ನಾಗಿ ನಡಿ ಪುಟ್ಟಿ, ಕರಗುತ್ತೆ" ಅನ್ನುತ್ತಿದ್ದರು. ಒಳ್ಳೆ ಮನಸ್ಸಿಂದಲೇ ಅನ್ನುತ್ತಿದ್ದರು. ನನಗೆ ಮಾತ್ರ ಎಲ್ಲರೂ ನನ್ನ ಮೈಯನ್ನೇ ನೋಡುತ್ತಿದ್ದಾರೆ ಅನ್ನಿಸೋದು. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು ಹಾಡಿಗೆ ಕುಣಿಯತೊಡಗಿದೆ. ನಿಮ್ಮ ಮಗ ಬಾಗಿಲು ಹಾಕಿಕೊಳ್ಳುತ್ತಾನಾ, ಹಾಕಿಕೊಳ್ಳಲಿ. ಒಳಗೆ ಒಂದು ಚೆಂಡು ಇರಲಿ, ಒಂದು ಜೊತೆ ಡಂಬೆಲ್ ಇರಲಿ. ಯಾರೂ ಇಣುಕಬೇಡಿ.

ಇನ್ನೊಂದು, "ಸ್ವಲ್ಪ ಸಣ್ಣ ಆಗಿದ್ದೀಯ" ಅಂತ ಹೊಗಳಲೂಬೇಡಿ. ಅವತ್ತು ಖುಷಿಯಾಗುತ್ತೆ, ಯಾರೂ ಹಾಗೆ ಅನ್ನದ ದಿನ ಮತ್ತೆ ದಪ್ಪ ಆದೆನಾ ಅನ್ನೋ ಭಯ ಹತ್ತುತ್ತೆ. ಇವತ್ತು ಹೇಗಿತ್ತು ಅಂತ ಕೇಳಿ, ಸಾಕು.

ಫಿಸಿಯೋ, ಹುಬ್ಬಳ್ಳಿ:

ಮಂಡಿ ನೋವನ್ನು ನೆಪ ಅಂತ ಬಿಡಬೇಡಿ, ಅದನ್ನೇ ಮೊದಲು ನೋಡಿಸಿ. ಬೆಳೆಯುವ ವಯಸ್ಸಿನ ದಪ್ಪ ಮಕ್ಕಳಲ್ಲಿ, ಅದರಲ್ಲೂ ಹುಡುಗರಲ್ಲಿ, ತೊಡೆಮೂಳೆಯ ತಲೆ ಸೊಂಟದ ಕೀಲಿನ ಹತ್ತಿರ ಜಾರುವ ತೊಂದರೆ ಒಂದಿದೆ. ತೊಂದರೆ ಸೊಂಟದಲ್ಲಿ, ನೋವು ಮಾತ್ರ ಎಷ್ಟೋ ಸಲ ಮಂಡಿಯಲ್ಲಿ. ಮಂಡಿಯ ಎಕ್ಸ್‌ರೇ ತೆಗೆದರೆ ಏನೂ ಕಾಣಲ್ಲ. ಕುಂಟುತ್ತಾನಾ, ನಡೆಯುವಾಗ ಪಾದ ಹೊರಗೆ ತಿರುಗಿರುತ್ತಾ ನೋಡಿ. ಹಾಗಿದ್ದರೆ ಇವತ್ತೇ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಇಲ್ಲದಿದ್ದರೂ ಈ ವಾರದಲ್ಲೇ ತೋರಿಸಿ, ಎರಡೂ ಕಡೆ ಸೊಂಟದ ಎಕ್ಸ್‌ರೇ ಬೇಕಾ ಅಂತ ಕೇಳಿ. ಅಲ್ಲಿಯವರೆಗೆ ಓಟ, ಜಿಗಿತ, ಬಸ್ಕಿ ಯಾವುದೂ ಬೇಡ.

ಕತ್ತಿನ ಕಪ್ಪು ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದಕ್ಕೆ ಬಹಳ ಸಲ ಚರ್ಮ ಹಾಗಾಗುತ್ತೆ. ಉಜ್ಜೋದು ನಿಲ್ಲಿಸಿ, ಚರ್ಮ ಗಾಯವಾಗುತ್ತೆ ಅಷ್ಟೇ.

ತುಮಕೂರಿನ ಅಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂಳೆ ಡಾಕ್ಟರ್ ಎಕ್ಸ್‌ರೇ ತೆಗೆಸಿದರು, ಸೊಂಟ ಚೆನ್ನಾಗಿದೆ. ಪಾದ ಚಪ್ಪಟೆ ಇದೆ, ತೊಡೆಯಲ್ಲಿ ಬಲ ಸಾಲದು, ಅದಕ್ಕೇ ನೋವು ಅಂದರು. ಶೂ ಬದಲಾಯಿಸಲು ಹೇಳಿ, ವ್ಯಾಯಾಮ ನಿಧಾನವಾಗಿ ಶುರುಮಾಡಬಹುದು ಅಂದಿದ್ದಾರೆ. ಅವರಪ್ಪ ಬೆಳಿಗ್ಗೆ ಎಬ್ಬಿಸೋದು ಬಿಟ್ಟಿದ್ದಾರೆ.

ಇಲ್ಲಿ ಬಂದ ಉತ್ತರಗಳನ್ನು ಮಗನಿಗೆ ಓದೋಕೆ ಕೊಟ್ಟೆ. ಏನೂ ಹೇಳದೆ ಫೋನ್ ವಾಪಸ್ ಕೊಟ್ಟ. ರಾತ್ರಿ ಊಟಕ್ಕೆ ಕೂತಾಗ, ಶಾಟ್‌ಪುಟ್ ಗುಂಡು ಎಷ್ಟು ಕೆ.ಜಿ. ಇರುತ್ತೆ ಅಂತ ಕೇಳಿದ. ಮೇಷ್ಟ್ರೇ, ಏನು ಹೇಳಲಿ?

ಪಿ.ಟಿ. ಮೇಷ್ಟ್ರು, ಹಾಸನ ಜಿಲ್ಲೆ:

ಬಹಳ ಸಂತೋಷ ಆಯಿತು ಅಮ್ಮ. 18ರೊಳಗಿನ ಹುಡುಗರ ಸ್ಪರ್ಧೆಗೆ 5 ಕೆ.ಜಿ. ಅವನು 3 ಕೆ.ಜಿ.ಯಿಂದ ಶುರುಮಾಡಲಿ, ನಿಂತಲ್ಲಿಂದಲೇ ತಳ್ಳಲಿ, ಸದ್ಯಕ್ಕೆ ತಿರುಗೋದು ಜಾರೋದು ಬೇಡ. ಮೊದಲ ಕೆಲವು ದಿನ ಯಾರಾದರೂ ಕಲಿತವರು ಪಕ್ಕದಲ್ಲಿರಲಿ. ಬೀಸಿ ಎಸೆದರೆ ಭುಜ ಹೋಗುತ್ತೆ. ಮಣ್ಣಿನ ನೆಲ ಬೇಕು, ಗುಂಡು ಬೀಳೋ ಕಡೆ ಯಾರೂ ಇರಬಾರದು. ಬಸ್ಕಿ ಈಗಲೇ ಬೇಡ. ಕುರ್ಚಿ ಮೇಲೆ ಕೂತು, ಕೈ ಊರದೆ ಏಳೋದು ಮಾಡಲಿ, ತೊಡೆಗೆ ಬಲ ಬರುತ್ತೆ. ಸ್ಕೂಲಿನ ಪಿ.ಟಿ. ಮೇಷ್ಟ್ರ ಹತ್ತಿರ ಗುಂಡು ಇದ್ದೇ ಇರುತ್ತೆ, ಆದರೆ ನೀವು ಹೋಗಿ ಕೇಳಬೇಡಿ. ಅವನೇ ಕೇಳುತ್ತಾನಾ ಒಂದು ವಾರ ನೋಡಿ.